ಕೆಳಗಿನೂರಿಗೆ ಕಳಿಸಿದವರು

ಜನವರಿ ೯

ಅತ್ತಿಗೆ,

ಫೋನು ಮಾಡಿದರೆ ಅಣ್ಣ ಎತ್ತಿಕೊಂಡು, "ಅಂಗಡೀಲಿ ಜನ ಇದಾರೆ, ಆಮೇಲೆ ಮಾಡ್ತೀನಿ" ಅನ್ನುತ್ತಾನೆ. ಆ ಆಮೇಲೆ ಇನ್ನೂ ಬಂದಿಲ್ಲ. ನಿಮ್ಮ ಕನ್ನಡಕದ ಅಂಗಡಿಗೆ ನಿಜವಾಗಿ ಅಷ್ಟು ಜನ ಬರುತ್ತಿದ್ದರೆ ಈ ಹೊತ್ತಿಗೆ ನೀವು ಇನ್ನೆರಡು ಮಹಡಿ ಎಬ್ಬಿಸಿರಬೇಕಿತ್ತು. ಅದಕ್ಕೇ ಹಳೆಯ ದಾರಿ ಹಿಡಿದಿದ್ದೇನೆ. ಪುಸ್ತಕದ ಮಾತು ಫೋನಿನಲ್ಲಿ ಬೇಡ, ಕಾಗದದಲ್ಲೇ ಇರಲಿ ಎಂದು ನಾವೇ ಮಾಡಿಕೊಂಡ ಕಟ್ಟಳೆ ತಾನೇ.

ಪ್ರಕಾಶಕರು ನನಗೆ ಬರೆದಿದ್ದಾರೆ. ನಿಮಗೆ ಬರೆಯಲು ಅವರಿಗೆ ಧೈರ್ಯ ಸಾಲದು. ನಾವಿಬ್ಬರೂ ಸೇರಿ ಬರೆಯುವ ‘ಇರುಳ ಮೆಟ್ಟಿಲು’ ಮಾಲೆಯ ಹತ್ತನೆಯ ಪುಸ್ತಕ ಬಂದು ಎರಡು ವರ್ಷವಾಯಿತಂತೆ, ಹನ್ನೊಂದನೆಯದು ಎಲ್ಲಿ ಎಂದು ಓದುಗರು ಜೀವ ತಿನ್ನುತ್ತಿದ್ದಾರಂತೆ. ಅವಸರವೇನೂ ಇಲ್ಲವಂತೆ, ಆದರೆ ಯಾವ ತಿಂಗಳು ಎಂದು ಹೇಳಿದರೆ ಒಳ್ಳೆಯದಂತೆ. ಅವಸರ ಇಲ್ಲದವರು ತಿಂಗಳು ಕೇಳುತ್ತಾರೆಯೇ?

ನಮ್ಮ ಮಿಣುಕಿ ಹೋಗಿ ವರ್ಷ ತುಂಬುತ್ತಾ ಬಂತು. ಇದನ್ನು ಬರೆಯಬಾರದು ಅಂದುಕೊಂಡೇ ಕೂತಿದ್ದೆ, ಬರೆದುಬಿಟ್ಟೆ. ಮಗಳು ನಿಮ್ಮದು, ಅಳುವ ಹಕ್ಕೂ ನಿಮ್ಮದೇ ಎಂದು ಇಷ್ಟು ದಿನ ನಾನು ದೂರವೇ ನಿಂತೆ. ಆದರೆ ಅವಳು ನನ್ನನ್ನು "ಅತ್ತೇ" ಎಂದು ಕರೆದಂತೆ ಇನ್ನು ಯಾರೂ ಕರೆಯುವುದಿಲ್ಲ.

ಹನ್ನೊಂದನೆಯದು ಯಾವ ಪುಸ್ತಕ ಎಂದು ನಮ್ಮಿಬ್ಬರಿಗೂ ಗೊತ್ತು. ಶುರುವಿನಲ್ಲಿ ನಿಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ತೀರ್ಮಾನಿಸಿದ್ದೆವು: ಮೇಲೂರಿನ ಅಧ್ಯಾಯಗಳು ನಿಮ್ಮವು, ಕೆಳಗಿನೂರಿನ ಅಧ್ಯಾಯಗಳು ನನ್ನವು. ಬದುಕಿರುವವರೆಗೆ ಪಾತ್ರ ನಿಮ್ಮ ಕೈಯಲ್ಲಿ. ಸತ್ತು ಮೆಟ್ಟಿಲಿಳಿದ ಮೇಲೆ ನನ್ನ ಸೊತ್ತು. ಆಮೇಲೆ ನೀವು ಅವರ ಬಗ್ಗೆ ಒಂದು ಸಾಲೂ ಬರೆಯುವಂತಿಲ್ಲ, ನಾನು ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಅದೇ ಮೇಜಿನ ಮುಂದೆ ಇನ್ನೊಂದೂ ತೀರ್ಮಾನವಾಗಿತ್ತು. ಮೆಟ್ಟಿಲು ಹತ್ತಿ ಬರುತ್ತಿರುವ ಕತ್ತಲನ್ನು ತಡೆಯುವ ಬಾಗಿಲು ಒಳಗಿನಿಂದ, ಅಂದರೆ ಕೆಳಗಿನಿಂದ ಮಾತ್ರ ಮುಚ್ಚುತ್ತದೆ. ಹನ್ನೊಂದನೆಯ ಪುಸ್ತಕದಲ್ಲಿ ಕಂದೀಲು ಹಿಡಿದ ಹುಡುಗಿ ಇಳಿದು ಹೋಗಿ ಅದನ್ನು ಮುಚ್ಚುತ್ತಾಳೆ. ಆ ಹುಡುಗಿಗೆ ಮನೆಮಗುವಿನ ಅಡ್ಡಹೆಸರನ್ನೇ ಇಟ್ಟೆವು. ಆಗ ಅವಳಿಗೆ ಏಳು ವರ್ಷ. ಸಂಜೆಯಾದರೆ ಬಚ್ಚಲಿಗೆ ಹೋಗುವುದಕ್ಕೂ ಟಾರ್ಚು ಹಿಡಿದು ಮಿಣುಕಿಸುತ್ತಾ ಹೋಗುತ್ತಿದ್ದಳು. ತಮಾಷೆಗೆ ಇಟ್ಟ ಹೆಸರು.

ಆ ಹುಡುಗಿಯ ಕಥೆ ಎಲ್ಲಿ ಮುಗಿಯುತ್ತದೆ ಎಂದು ಅವಳಿಗೂ ಹೇಳಿದ್ದೆವು. "ಹನ್ನೊಂದ್ರಲ್ಲಿ ತಾನೇ? ಬಿಡಿ, ತುಂಬಾ ದೂರ ಇದೆ" ಅಂದು ರೊಟ್ಟಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಾ ಕೂತಳು.

ಬರೆಯುವುದಿಲ್ಲ ಎಂದಾದರೆ ಹಾಗೆಂದೇ ಬರೆಯಿರಿ. ಸುಮ್ಮನೆ ಮಾತ್ರ ಇರಬೇಡಿ.

ನಿಮ್ಮ ಬಾಯಿಬಡುಕಿ ನಾದಿನಿ


ಫೆಬ್ರವರಿ ೨

ನಾದಿನಿಗೆ,

ಬರೆಯುತ್ತೇನೆ. ಬರೆಯದೆ ಮಾಡುವುದಾದರೂ ಏನು? ಅಂಗಡಿಯಲ್ಲಿ ನಿಮ್ಮಣ್ಣ ಗಾಜು ಉಜ್ಜುತ್ತಾರೆ, ನಾನು ಅಕ್ಷರದ ಫಲಕದ ಪಕ್ಕ ನಿಂತು ಬಂದವರ ಕಣ್ಣಿಗೆ ಗಾಜು ಬದಲಿಸುತ್ತಾ "ಈಗ ಕಾಣುತ್ತಾ? ಈಗ?" ಎಂದು ಕೇಳುತ್ತೇನೆ. ಬಾಗಿಲು ಹಾಕಿದ ಮೇಲೆ ಇಬ್ಬರಿಗೂ ಮಾತಿಲ್ಲ. ಅವರು ಒಳ್ಳೆಯವರು, ಜಗಳಕ್ಕೂ ಸಿಗುವುದಿಲ್ಲ.

ಮೊದಲ ಅಧ್ಯಾಯಗಳನ್ನು ಇದರ ಜೊತೆ ಇಟ್ಟಿದ್ದೇನೆ. ಮೇಲೂರಿನ ಕಮ್ಮಾರ ಮಿಣುಕಿಯ ಕೈಯಿಂದ ಕಂದೀಲು ಕಿತ್ತುಕೊಂಡು ತಾನೇ ಇಳಿದ. ನಮ್ಮ ಯೋಜನೆಯಲ್ಲಿ ಇದು ಇರಲಿಲ್ಲ. ಬರೆಯುತ್ತಾ ಹೋದೆ, ಹಾಗಾಯಿತು. ಇನ್ನು ಅವನು ನಿನ್ನವನು.

ನಿನ್ನ ಕಾಗದದ ಮೂರನೆಯ ಪ್ಯಾರಾ ಓದಿದೆ. ಅದಕ್ಕೆ ಉತ್ತರ ಕೇಳಬೇಡ.

ಅತ್ತಿಗೆ


ಫೆಬ್ರವರಿ ೨೭

ಅತ್ತಿಗೆ,

ಕಮ್ಮಾರ ತಲುಪಿದ. ಅವನನ್ನು ಸುಧಾರಿಸುವಷ್ಟರಲ್ಲಿ ನಿಮ್ಮ ಎರಡನೆಯ ಕಟ್ಟು ಬಂತು. ಅದರಲ್ಲಿ ಕೋಟೆಬಾಗಿಲ ಕಾವಲುಗಾರ! ಅದರ ಮುಂದಿನ ಅಧ್ಯಾಯದಲ್ಲಿ ಅಡುಗೆ ಅಜ್ಜಿ! ಅಜ್ಜಿ ಮೊದಲ ಪುಸ್ತಕದಿಂದ ಗಂಜಿ ಕಾಯಿಸಿಕೊಂಡು ಯಾರ ತಂಟೆಗೂ ಹೋಗದೆ ಇದ್ದವಳು. ಅವಳ ಕೈಗೂ ಕಂದೀಲು ಕೊಟ್ಟು ಕಳಿಸಿದ್ದೀರಲ್ಲ, ನಿಮಗೆ ಕರುಣೆ ಬೇಡವೇ?

ನನ್ನ ಕಷ್ಟ ಕೇಳಿ. ಹಗಲೆಲ್ಲಾ ಇಲ್ಲಿ ಬೇರೆಯವರ ಬಾಯಿಗೆ ಹಲ್ಲು ಕಟ್ಟುತ್ತೇನೆ. ಮೇಜಿನ ಮೇಲೆ ಗಾರೆಯಲ್ಲಿ ಅಚ್ಚು ತೆಗೆದ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡಿರುತ್ತವೆ, ನಾನು ಮೇಣ ಕರಗಿಸಿ ಒಂದೊಂದೇ ಹಲ್ಲು ಕೂರಿಸುತ್ತಿರುತ್ತೇನೆ. ಮೊನ್ನೆ ಅಜ್ಜಿ ಸತ್ತ ಅಧ್ಯಾಯವನ್ನು ಮೇಜಿನಡಿ ಇಟ್ಟುಕೊಂಡು ಓದುತ್ತಾ ಕೆಳಗಿನ ಹಲ್ಲನ್ನು ಮೇಲೆ ಕೂರಿಸಿಬಿಟ್ಟೆ. ನಮ್ಮ ಹಲ್ಲಿನ ಅಂಗಡಿಯ ಯಜಮಾನರು ಕೈಯಲ್ಲಿ ಹಿಡಿದು ನೋಡಿ, "ಏನಮ್ಮಾ ಇದು, ಈ ಮನುಷ್ಯ ಊಟ ಮಾಡ್ಬೇಕೋ, ಹೆದರಿಸ್ಬೇಕೋ?" ಅಂದರು.

ಹೆದರಿಕೆಯಿಲ್ಲದವರು ಯಾರೇ ಹಿಡಿದು ಹೊರಟರೂ ಕಂದೀಲು ದಾರಿಯಲ್ಲೇ ಆರುತ್ತದೆ ಎಂದು ನೀವೇ ಎರಡನೆಯ ಪುಸ್ತಕದಲ್ಲಿ ಬರೆದಿದ್ದೀರಿ. ಕತ್ತಲಿಗೆ ಹೆದರುವವರ ಕೈಯಲ್ಲಿ ಮಾತ್ರ ಅದು ಉರಿಯುವುದು. ಆ ಕಮ್ಮಾರನಿಗೆ ಯಾವ ಭಯ? ಕಾವಲುಗಾರ ಕತ್ತಲಲ್ಲೇ ಹುಟ್ಟಿ ಬೆಳೆದವನು. ಇವರೆಲ್ಲ ದೀಪವಿಲ್ಲದೆ ಬಾಗಿಲು ಕಾಣದೆ, ಅದನ್ನು ಮುಚ್ಚಲಾಗದೆ ನನ್ನ ಕೊನೆಯ ಮೆಟ್ಟಿಲಿಗೆ ಬಂದು ಗುಂಪುಗಟ್ಟಿ ಕೂತಿದ್ದಾರೆ. ಕೆಳಗಿನೂರು ದುಃಖದ ಊರು ಹೌದು, ಆದರೆ ಛತ್ರವಲ್ಲ.

ಸ್ವಲ್ಪ ಕೈ ಬಿಗಿಹಿಡಿದು ಕೊಲ್ಲಿ.

ನಿಮ್ಮ ನಾದಿನಿ


ಮಾರ್ಚ್ ೩೦

ನಾದಿನಿಗೆ,

ಈ ಕಟ್ಟಿನಲ್ಲಿ ಇನ್ನೂ ಮೂವರಿದ್ದಾರೆ. ದರ್ಜಿ, ಶಾಲೆಯ ಮೇಷ್ಟ್ರು, ಮತ್ತೆ ಕುದುರೆ.

ಕುದುರೆಗೆ ಕಂದೀಲು ಕೊಟ್ಟಿಲ್ಲ, ಗಾಬರಿಯಾಗಬೇಡ. ಮೇಷ್ಟ್ರು ಮುದುಕರು, ಮೆಟ್ಟಿಲಿಳಿಯಲು ಕಾಲು ಬರುವುದಿಲ್ಲ, ಅದಕ್ಕೆ ಅದು ಹೊತ್ತುಕೊಂಡು ಹೋಯಿತು. ಬಿಟ್ಟುಬಿಡಬಹುದಿತ್ತು ಎಂದು ನೀನು ಹೇಳುತ್ತೀಯ. ಆ ಕುದುರೆ ಅವಳು ಕೇಳಿ ಹಾಕಿಸಿಕೊಂಡದ್ದು ಎಂದು ನನಗೂ ನೆನಪಿದೆ. "ಸಿಟ್ಟಿನ ಕುದುರೆ ಬೇಕು, ಎಲ್ಲರನ್ನೂ ಒದೀಬೇಕು, ನನ್ನೊಬ್ಬಳನ್ನ ಬಿಟ್ಟು" ಅಂತ.

ನಿಮ್ಮಣ್ಣ ಚೆನ್ನಾಗಿದ್ದಾರೆ. ಮೊನ್ನೆ ಒಂದು ಹುಡುಗಿ ಚೌಕಟ್ಟು ಆರಿಸಲು ಬಂದಿದ್ದಳು. ಒಂದಾದ ಮೇಲೊಂದು ಹಾಕಿಕೊಂಡು ಕನ್ನಡಿಯಲ್ಲಿ ಮೂತಿ ತಿರುವುತ್ತಿದ್ದಳು. ಇವರು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಹೋಗಿ ನೋಡಿದರೆ ಉಜ್ಜುವ ಚಕ್ರ ತಿರುಗುತ್ತಿದೆ, ಕೈಯಲ್ಲಿ ಗಾಜೇ ಇಲ್ಲ.

ಮನೆಯಲ್ಲಿ ಕೋಣೆಗಳ ನಡುವಿನ ಓಣಿಯ ದೀಪವನ್ನು ಈಗಲೂ ಆರಿಸುವುದಿಲ್ಲ. ಅವಳ ಕೋಣೆಯಿಂದ ಬಚ್ಚಲಿಗೆ ಹೋಗುವ ಓಣಿ. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ, ಬಲ್ಬು ಹೋದರೆ ಇವರೇ ಬದಲಿಸುತ್ತಾರೆ.

ಅತ್ತಿಗೆ


ಏಪ್ರಿಲ್ ೧೮

ಅತ್ತಿಗೆ,

ನನಗೆ ಬುದ್ಧಿ ತಡವಾಗಿ ಬರುತ್ತದೆ ಎಂದು ನೀವು ಯಾವಾಗಲೂ ಅನ್ನುತ್ತಿದ್ದಿರಿ, ಸರಿಯಾಗಿಯೇ ಅನ್ನುತ್ತಿದ್ದಿರಿ. ಹಾಸ್ಯ ಮಾಡಿಕೊಂಡು ಎಲ್ಲರನ್ನೂ ಎಣಿಸುತ್ತಾ ಕೂತೆ. ಕುದುರೆ ಬಂದಾಗಲೇ ಹೊಳೆದದ್ದು. ನೀವು ಇವರನ್ನೆಲ್ಲ ಕೊಲ್ಲುತ್ತಿಲ್ಲ, ಅವಳ ಬದಲಿಗೆ ಕಳಿಸುತ್ತಿದ್ದೀರಿ. ಒಬ್ಬರಾದ ಮೇಲೊಬ್ಬರು ಬಂದು ‘ನೀನಿರು ಮಗಳೇ, ನಾನು ಹೋಗ್ತೀನಿ’ ಅನ್ನುತ್ತಾರೆ. ಇಡೀ ಮೇಲೂರು ಖಾಲಿಯಾದರೂ ಸರಿ, ಅವಳೊಬ್ಬಳು ಉಳಿಯಲಿ ಎಂದು.

ಆಸ್ಪತ್ರೆಯಲ್ಲಿ ಐಸಿಯು ಬಾಗಿಲ ಹೊರಗೆ ನಾವು ಮೂವರೂ ಕೂತಿದ್ದೆವಲ್ಲ. ನೀವು ಆ ಬಾಗಿಲಿನ ಗಾಜಿಗೆ ಹಣೆ ಒತ್ತಿ ಏನೋ ಅಂದುಕೊಳ್ಳುತ್ತಿದ್ದಿರಿ. ಏನೆಂದು ನಾನು ಕೇಳಲಿಲ್ಲ. ಈಗ ಕೇಳಬೇಕಾಗಿಯೂ ಇಲ್ಲ.

ಅದಕ್ಕೆ ನಾನೊಂದು ಕೆಲಸ ಮಾಡಿದ್ದೇನೆ. ಇದರ ಜೊತೆ ಇರುವ ಅಧ್ಯಾಯ ಓದಿ. ಯಾರನ್ನೂ ಮೇಲೆ ಬಿಡದ ಕೆಳಗಿನೂರಿನ ಬಾಗಿಲ ಒಡೆಯ ಒಂದು ಸಲಕ್ಕೆ ಮನಸ್ಸು ಕರಗಿ ದಾರಿ ಬಿಡುತ್ತಾನೆ. ಮಿಣುಕಿ ಇಳಿದು, ಬಾಗಿಲು ಮುಚ್ಚಿ, ವಾಪಸ್ ಮೆಟ್ಟಿಲು ಹತ್ತಿ ಮೇಲೂರಿಗೆ ಬರುತ್ತಾಳೆ. ಕಟ್ಟಳೆ ಮುರಿದಂತಾಯಿತು, ಗೊತ್ತು. ಮಾಡಿದವರು ನಾವೇ, ಮುರಿದರೆ ಯಾರು ಕೇಳುತ್ತಾರೆ? ಓದುಗರು ಬೈದರೆ ನನ್ನನ್ನು ಬೈಯಲಿ. ನಿಮಗೊಂದಿಷ್ಟು ನಿದ್ದೆ ಬಂದರೆ ನನಗೆ ಅಷ್ಟು ಸಾಕು.

ನಿಮ್ಮ ನಾದಿನಿ


ಮೇ ೩

ನಾದಿನಿಗೆ,

ನಿನ್ನ ಅಧ್ಯಾಯ ವಾಪಸ್ ಕಳಿಸಿದ್ದೇನೆ. ಇನ್ನೊಂದು ಸಲ ಇಂಥದ್ದು ಬರೆದರೆ ನಮ್ಮಿಬ್ಬರ ಪುಸ್ತಕ ಅಲ್ಲಿಗೇ ಮುಗಿಯಿತು.

ನಿನಗೆ ಕೆಟ್ಟ ಮನಸ್ಸಿಲ್ಲ, ಗೊತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು. ಅಂಗಡಿಯ ಬಾಗಿಲಿಗೆ ಗಂಟೆ ಕಟ್ಟಿದ್ದೇವೆ. ಅದು ಸದ್ದು ಮಾಡಿದಾಗಲೆಲ್ಲ ನಾನು ತಲೆ ಎತ್ತಿ ನೋಡುತ್ತೇನೆ. ಯಾರೋ ಗಿರಾಕಿ ಇರುತ್ತಾರೆ. ಅವಳು ಬರುವುದಿಲ್ಲ ಎಂದು ಗೊತ್ತಿದ್ದೂ ನೋಡುತ್ತೇನೆ. ಗೊತ್ತಿರುವುದರಿಂದ ಮತ್ತೆ ತಲೆ ತಗ್ಗಿಸಿ ಕೆಲಸ ಮಾಡುತ್ತೇನೆ. ನೀನು ಅವಳನ್ನು ಪುಸ್ತಕದಲ್ಲಿ ಮೆಟ್ಟಿಲು ಹತ್ತಿಸಿದರೆ, ನಾನು ಆ ಬಾಗಿಲಿನಿಂದ ಕಣ್ಣು ಕೀಳುವುದು ಹೇಗೆ? ಕೆಳಗಿನೂರಿನಿಂದ ಯಾರೂ ಬರುವುದಿಲ್ಲ ಎಂದು ಇಷ್ಟು ವರ್ಷ ನೀನೇ ಬರೆಯುತ್ತಾ ಬಂದದ್ದು. ಅದನ್ನೇ ಹಿಡಿದುಕೊಂಡು ನಿಂತಿದ್ದೇನೆ. ಅದನ್ನೂ ಕಿತ್ತುಕೊಳ್ಳಬೇಡ.

ಗಾಜಿಗೆ ಹಣೆ ಒತ್ತಿ ನಾನು ಅಂದದ್ದು ಇಷ್ಟೇ: ‘ನನ್ನನ್ನ ಕರ್ಕೊಂಡು ಹೋಗು, ಅವಳನ್ನ ಬಿಡು.’ ಯಾರಿಗೆ ಹೇಳಿದೆನೋ ಗೊತ್ತಿಲ್ಲ. ಯಾರೂ ಕೇಳಿಸಿಕೊಳ್ಳಲಿಲ್ಲ. ಒಳಗೆ ಅವಳು ಒಬ್ಬಳೇ ಇದ್ದಳು. ಅವಳ ಕೈ ಹಿಡಿದುಕೊಳ್ಳಲು ಒಳಗೆ ಬಿಡಲಿಲ್ಲ. ದೀಪ ಆರಿಸಿದ್ದರೋ ಉರಿಸಿದ್ದರೋ ಅದೂ ನನಗೆ ತಿಳಿಯಲಿಲ್ಲ. ಅವಳು ಹೋದದ್ದನ್ನು ಹೇಗೋ ನುಂಗಿಕೊಂಡೆ. ಒಬ್ಬಳೇ ಹೋದದ್ದು ಮಾತ್ರ ಗಂಟಲಿನಿಂದ ಇಳಿಯುತ್ತಿಲ್ಲ.

ಇದಕ್ಕೂ ಉತ್ತರ ಬೇಡ.

ಅತ್ತಿಗೆ


ಜೂನ್ ೨೧

ಅತ್ತಿಗೆ,

ಅಧ್ಯಾಯವನ್ನು ಹರಿದು ಹಾಕಿದೆ. ತಪ್ಪಾಯಿತು ಎಂದಷ್ಟೇ ಹೇಳಲು ಇಷ್ಟು ದಿನ ಹಿಡಿಯಿತು.

ಪ್ರಕಾಶಕರಿಗೆ ತಿಂಗಳು ಹೇಳುವುದಿಲ್ಲ ಎಂದು ಬರೆದಿದ್ದೇನೆ. ನೀವು ಬರೆದಾಗ ಬರೆಯಿರಿ. ಬರೆಯದಿದ್ದರೆ ಹತ್ತೇ ಪುಸ್ತಕದ ಮಾಲೆಯಾಗಲಿ, ಆಕಾಶವೇನೂ ಕಳಚಿ ಬೀಳುವುದಿಲ್ಲ. ಕೆಳಗೆ ಬಂದಿರುವವರನ್ನು ನಾನು ನೋಡಿಕೊಳ್ಳುತ್ತೇನೆ. ಕುದುರೆ ನನ್ನ ಬಾಗಿಲ ಒಡೆಯನಿಗೆ ಈಗಾಗಲೇ ಒದ್ದಿದೆ.

ನಾದಿನಿ


ಆಗಸ್ಟ್ ೧೧

ನಾದಿನಿಗೆ,

ಬರೆದೆ.

ಮೇಲೂರಿನಲ್ಲಿ ಇನ್ನು ಕಳಿಸಲು ಯಾರೂ ಉಳಿದಿರಲಿಲ್ಲ. ಮಿಣುಕಿಯೊಬ್ಬಳು, ಅವಳ ತಾಯಿಯೊಬ್ಬಳು. ತಾಯಿ ಕಂದೀಲು ಹಿಡಿದು ಮೂರು ಸಲ ಮೆಟ್ಟಿಲ ಬಳಿ ಹೋಗುತ್ತಾಳೆ, ಮೂರು ಸಲವೂ ಅದು ಅವಳ ಕೈಯಲ್ಲಿ ಆರಿಹೋಗುತ್ತದೆ. ಮಗಳಿಗಾಗಿ ಇಳಿಯುವ ತಾಯಿಗೆ ಕತ್ತಲ ಭಯ ಎಲ್ಲಿಂದ ಬರಬೇಕು? ಆಗ ಮಗಳೇ ಹೇಳುತ್ತಾಳೆ, "ಅಮ್ಮಾ ಕೊಡು, ನಂಗೆ ಹೆದ್ರಿಕೆ ಆಗುತ್ತೆ, ಅದಕ್ಕೆ ನಾನೇ ಹೋಗ್ಬೇಕು." ಹೊಸದಾಗಿ ಕಟ್ಟಿದ ಮಾತಲ್ಲ ಇದು, ಮೊದಲ ಪುಸ್ತಕದಿಂದಲೂ ಇಲ್ಲಿಗೇ ಬರುತ್ತಿತ್ತು. ನಾನೇ ಊರಿಡೀ ಸುತ್ತು ಹಾಕಿಸಿದೆ.

ತಾಯಿ ಕಂದೀಲು ಕೊಡುತ್ತಾಳೆ. ಹುಡುಗಿ ಇಳಿಯುತ್ತಾಳೆ. ಬೆಳಕು ಕಾಣುವಷ್ಟು ಹೊತ್ತು ತಾಯಿ ನೋಡುತ್ತಾಳೆ. ಕೆಳಗೆ ಬಾಗಿಲು ಮುಚ್ಚಿದ ಸದ್ದು. ನನ್ನ ಅಧ್ಯಾಯ ಅಲ್ಲಿಗೆ ನಿಂತಿತು. ಬರೆದು ಮುಗಿಸಿ ನಿಮ್ಮಣ್ಣನಿಗೆ ಓದಿ ಹೇಳಿದೆ. ಅವಳು ಹೋದ ಮೇಲೆ ಇದೇ ಮೊದಲ ಸಲ ಇಬ್ಬರೂ ಒಟ್ಟಿಗೆ ಅತ್ತೆವು. ಅಂಗಡಿ ಆ ದಿನ ತೆರೆಯಲಿಲ್ಲ.

ಇನ್ನು ಅವಳು ನಿನ್ನವಳು. ಕಟ್ಟಳೆ ಪ್ರಕಾರ ನಾನು ಒಂದು ಸಾಲೂ ಬರೆಯುವಂತಿಲ್ಲ. ಬರೆಯುವುದಿಲ್ಲ. ಆದರೆ ಮಗಳನ್ನು ಬೇರೆಯವರ ಮನೆಗೆ ಕಳಿಸುವವರು ಒಂದೆರಡು ಮಾತು ಹೇಳುತ್ತಾರಲ್ಲ, ಅಷ್ಟು ಹೇಳಿಬಿಡುತ್ತೇನೆ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಬಾಗಿಲು ಪೂರ್ತಿ ಮುಚ್ಚಿದರೆ ನಿದ್ದೆ ಬರುವುದಿಲ್ಲ, ಒಂದು ಕೈಯಷ್ಟು ಸಂದಿ ಬಿಡಬೇಕು. ಹೆದರಿಕೆಯಾದಾಗ ಹೆದರಿಕೆ ಎಂದು ಹೇಳುವುದಿಲ್ಲ, ನೀರು ಬೇಕು ಅನ್ನುತ್ತಾಳೆ. ನೀರು ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಕು.

ನೋಡಿಕೋ.

ನಿನ್ನ ಅತ್ತಿಗೆ


ಸೆಪ್ಟೆಂಬರ್ ೫

ಅತ್ತಿಗೆ,

ಅಚ್ಚಾಗುವ ಮುಂಚೆ ನನ್ನ ಅಧ್ಯಾಯ ನಿಮಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಹೇಳುತ್ತೇನೆ. ಕಟ್ಟಳೆ ಮುರಿಯುವುದರಲ್ಲಿ ನನಗೆ ಒಳ್ಳೆಯ ಹೆಸರಿದೆ.

ನಿಮ್ಮ ಕಟ್ಟು ಬಂದ ದಿನ ನನ್ನ ಕೈಯಲ್ಲಿ ಕೆಲಸ ಓಡಲಿಲ್ಲ. ಹಳೆಯ ಯೋಜನೆಯಲ್ಲಿ ಮಿಣುಕಿ ಕೊನೆಯ ಮೆಟ್ಟಿಲಿಗೆ ಬಂದು, ಬಾಗಿಲು ಮುಚ್ಚಿ, ಖಾಲಿ ಊರಿನಲ್ಲಿ ಒಬ್ಬಳೇ ನಿಲ್ಲಬೇಕಿತ್ತು. ಹಾಗೆಂದು ಆಗ ನಾವು ಬಹಳ ಹೆಮ್ಮೆಯಿಂದ ಗೊತ್ತು ಮಾಡಿದ್ದೆವು. ಅದನ್ನೇ ಬರೆಯಲು ಕೂತೆ. ಅವಳು ಇಳಿದು ಬಂದಳು. ಬಾಗಿಲು ಮುಚ್ಚಿದಳು. ತಿರುಗಿ ನೋಡಿದಳು. ಅತ್ತಿಗೆ, ಅಲ್ಲಿ ಎಲ್ಲರೂ ಇದ್ದರು.

ಇರಲೇಬೇಕಲ್ಲ! ಎಲ್ಲಿ ಕೂರಿಸಲಿ ಎಂದು ನಾನು ಇಡೀ ಬೇಸಿಗೆ ಒದ್ದಾಡಿದ ಜನ. ನಾನು ಯಾರನ್ನೂ ಹೊಸದಾಗಿ ತರಲಿಲ್ಲ, ಒಂದು ಕಟ್ಟಳೆಯನ್ನೂ ಮುರಿಯಲಿಲ್ಲ. ಅವರೆಲ್ಲ ಕೊನೆಯ ಮೆಟ್ಟಿಲ ಸುತ್ತಲೇ ಕೂತಿದ್ದರು, ಅಲ್ಲಿಂದ ಮುಂದೆ ಹೋಗಿರಲೇ ಇಲ್ಲ. ಕುದುರೆ ಮೊದಲು ಗುರುತು ಹಿಡಿಯಿತು. ಅವಳ ಹೆಗಲಿಗೆ ಮೂತಿ ತಾಗಿಸಿ ನಿಂತಿತು, ಒದೆಯಲಿಲ್ಲ. ಕಾವಲುಗಾರ ಎದ್ದು ಜಾಗ ಬಿಟ್ಟ. ದರ್ಜಿ ತನ್ನ ಕೋಟು ಬಿಚ್ಚಿ ಹೊದಿಸಿದ. ಅವಳು ಸುತ್ತ ನೋಡಿ, ಮೆಲ್ಲಗೆ, "ನೀರು ಬೇಕು" ಅಂದಳು.

ಅಡುಗೆ ಅಜ್ಜಿ ನೀರು ಕೊಟ್ಟು ಪಕ್ಕದಲ್ಲಿ ಕೂತಳು. ಏನೂ ಕೇಳಲಿಲ್ಲ. ಮೇಷ್ಟ್ರು ಯಾವುದೋ ಹಳೆಯ ಲೆಕ್ಕದ ತಪ್ಪು ತೆಗೆದು ಕಮ್ಮಾರನನ್ನು ಬೈಯತೊಡಗಿದರು, ಅವನು ಎದುರು ಮಾತಾಡಿದ, ಕಾವಲುಗಾರ ನಕ್ಕ. ಮನೆಯಲ್ಲಿ ದೊಡ್ಡವರು ಮಾತಾಡುತ್ತಾ ಇರುವಾಗ ಮಕ್ಕಳು ಮೂಲೆಯಲ್ಲಿ ನಿದ್ದೆ ಹೋಗುತ್ತಾರಲ್ಲ, ಹಾಗೆ ಅವಳ ಕಣ್ಣು ಮುಚ್ಚಿಕೊಂಡು ಬಂತು. ಕೈಯಲ್ಲಿದ್ದ ಕಂದೀಲು ಆರಿಹೋಯಿತು. ಹೆದರುವವರ ಕೈಯಲ್ಲಿ ಮಾತ್ರ ಉರಿಯುವ ಕಂದೀಲು ಅದು. ಆರಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಅವಳ ಬದಲಿಗೆ ಎಂದು ನೀವು ಊರನ್ನೇ ಕಳಿಸಿದಿರಿ. ಒಬ್ಬರೂ ಅವಳ ಬದಲಿಗೆ ಆಗಲಿಲ್ಲ. ಆದರೆ ಎಲ್ಲರೂ ಅವಳಿಗಿಂತ ಮೊದಲು ಹೋಗಿ ಕಾಯುತ್ತಿದ್ದರು. ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಇದು ಪುಸ್ತಕ, ನಿಜವಲ್ಲ ಎಂದು ನೀವು ಅನ್ನಬಹುದು. ನಿಜ ಏನೆಂದು ನನಗೆ ಗೊತ್ತಿಲ್ಲ ಅತ್ತಿಗೆ. ಆ ಬಾಗಿಲ ಒಳಗೆ ನಾನೂ ಹೋಗಿ ನೋಡಿಲ್ಲ. ನನಗೆ ಬರೆಯಲು ಬಂದದ್ದು ಇಷ್ಟು.

ನಿಮ್ಮ ನಾದಿನಿ, ಅವಳ ಅತ್ತೆ


ಅಕ್ಟೋಬರ್ ೧

ನಾದಿನಿಗೆ,

ನಿನ್ನ ಕಾಗದ ಅಂಗಡಿಗೆ ಬಂತು. ಗಿರಾಕಿಯನ್ನು ಫಲಕದ ಮುಂದೆ ಕೂರಿಸಿ ಒಳಗೆ ಹೋಗಿ ಓದಿದೆ. ಆ ಮನುಷ್ಯ ಪಾಪ, ನಾನು ಬರುವವರೆಗೂ ಒಂದು ಕಣ್ಣನ್ನು ಕೈಯಿಂದ ಮುಚ್ಚಿಕೊಂಡೇ ಕೂತಿದ್ದ.

ತಿದ್ದುವುದು ಏನೂ ಇಲ್ಲ. ದರ್ಜಿಯ ಕೋಟಿಗೆ ಗುಂಡಿ ಇಲ್ಲ ಎಂದು ಐದನೆಯ ಪುಸ್ತಕದಲ್ಲಿದೆ, ಅದೊಂದು ನೋಡಿಕೋ. ಪ್ರಕಾಶಕರಿಗೆ ತಿಂಗಳು ಹೇಳು. ಹನ್ನೆರಡನೆಯದರ ಮಾತು ಆಮೇಲೆ. ಮೇಲೂರಿನಲ್ಲಿ ಈಗ ಒಬ್ಬ ತಾಯಿ ಬಿಟ್ಟು ಯಾರೂ ಇಲ್ಲ, ಅವಳು ಏನು ಮಾಡುತ್ತಾಳೋ ನನಗೂ ತಿಳಿಯದು. ಬದುಕಿರುತ್ತಾಳೆ, ಅಷ್ಟು ಗೊತ್ತು.

ಸಂಜೆ ನಿನ್ನ ಕಾಗದವನ್ನು ನಿಮ್ಮಣ್ಣನಿಗೂ ಕೊಟ್ಟೆ. ಎರಡು ಸಲ ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು. ಮಲಗುವ ಹೊತ್ತಿಗೆ ಓಣಿಯಲ್ಲಿ ಸ್ವಿಚ್ಚಿನ ಹತ್ತಿರ ನಿಂತು ನನ್ನನ್ನು ನೋಡಿದರು.

"ಆರಿಸ್ಲಾ?" ಅಂದರು.

"ಆರ್ಸಿ" ಅಂದೆ. "ಅವಳ ಹತ್ರ ಜನ ಇದಾರೆ."

ನಿನ್ನ ಅತ್ತಿಗೆ